ಬೀಳ್ಕೊಟ್ಟ ಮೇಲೂ ಇಲ್ಲೇ ಇದ್ದವನು

ಮಗಳು ಎಲ್ಲಿ ಬಾಯಿ ಬಿಟ್ಟುಬಿಡುತ್ತಾಳೋ ಎಂಬ ಚಿಂತೆ ಆ ದಿನಗಳಲ್ಲಿ ನನ್ನನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಇಸಾಗೆ ಆಗಷ್ಟೇ ಮಾತು ಬರತೊಡಗಿತ್ತು. ಬೇರೆ ತಾಯಂದಿರು ಮಗು ಹೊಸ ಮಾತು ಕಲಿತರೆ ಹಿಗ್ಗುತ್ತಾರೆ, ನಾನು ಬೆದರುತ್ತಿದ್ದೆ. ಅವಳ ಬಾಯಲ್ಲಿ ತೊದಲದೆ ಬರುತ್ತಿದ್ದ ಹೆಸರು ಒಂದೇ, ಸೆಮೊ. ಅಂಗಡಿಯಲ್ಲಿ ಹಣ್ಣು ಆರಿಸುವಾಗ, ಚುಚ್ಚುಮದ್ದಿಗೆಂದು ಡಾಕ್ಟರ ಎದುರು ಕೂತಾಗ, ಯಾರೋ ಪರಿಚಯದವರು ಕೆನ್ನೆ ಹಿಂಡಿದಾಗ, ಅವಳು ಸ್ಪಷ್ಟವಾಗಿ ‘ಸೆಮೊ ಮನೇಲಿ’ ಎನ್ನುತ್ತಿದ್ದಳು. ನಾನು ತಕ್ಷಣ ಅವಳ ಬಾಯಿಗೆ ಬಿಸ್ಕತ್ತು ತುರುಕುತ್ತಿದ್ದೆ. ಇಷ್ಟೊಂದು ಬಿಸ್ಕತ್ತು ತಿಂದರೆ ಹಲ್ಲು ಹುಳುಕಾಗುತ್ತದಲ್ಲ ಎಂಬುದು ಆಮೇಲಿನ ಚಿಂತೆ.

ಸೆಮೊ ಅಂದರೆ ನನ್ನ ತಮ್ಮ ಆನ್ಸೆಲ್ಮೊ. ಊರಿನವರ ಪಾಲಿಗೆ ಅವನು ಸಮುದ್ರದಾಚೆ, ಅಮೆರಿಕದ ಜಾರ್ಜಿಯಾದಲ್ಲಿ, ತಲೆ ಬೋಳಿಸಿಕೊಂಡು ಸೈನ್ಯದ ತರಬೇತಿಯಲ್ಲಿದ್ದ. ನಿಜದಲ್ಲಿ ಅವನು ಗುವಾಮ್ ದ್ವೀಪದ ಉತ್ತರದಲ್ಲಿ, ದೆದೇದೊದ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ಪರದೆ ಎಳೆದುಕೊಂಡು, ನನ್ನ ಮಗಳ ಲಂಗಗಳನ್ನು ಮಡಚುತ್ತಾ ಕೂತಿದ್ದ.

ನನ್ನ ತವರು ದ್ವೀಪದ ದಕ್ಷಿಣದ ತುದಿಯ ಮೆರಿಸೊ ಊರು. ಅಲ್ಲಿಂದ ನನ್ನ ಮನೆಗೆ ಕಾರಿನಲ್ಲಿ ಬಂದರೆ ಮಗು ಒಂದು ನಿದ್ದೆ ಮುಗಿಸಿ ಏಳುವಷ್ಟರಲ್ಲಿ ತಲುಪಬಹುದು. ಗುವಾಮ್‌ನಂಥ ದ್ವೀಪದಲ್ಲಿ ಯಾರ ಮನೆ ಮುಂದೆ ಯಾವ ಕಾರು ನಿಂತಿತ್ತು ಎನ್ನುವುದು ಮರುದಿನದ ಪೂಜೆ ಮುಗಿಯುವುದರೊಳಗೆ ಚರ್ಚಿನ ಮೆಟ್ಟಿಲ ಮೇಲೆ ಮಾತಾಗಿರುತ್ತದೆ. ಅಂಥ ಕಡೆ ನಾವು ಒಬ್ಬ ಆರಡಿ ಆಳನ್ನು ಬಚ್ಚಿಟ್ಟಿದ್ದೆವು. ನನ್ನ ಗಂಡ ಜೆರೋಮ್ ಹಡಗುಕಟ್ಟೆಯ ಕೆಲಸದಿಂದ ಬಂದು ಬೂಟು ಬಿಚ್ಚುತ್ತಾ, “ಏನಪ್ಪಾ ಸೈನಿಕ, ಇವತ್ತು ಎಷ್ಟು ಶತ್ರು ಬಿದ್ರು?” ಎಂದು ಕೇಳುತ್ತಿದ್ದ. ಸೆಮೊ ನಗುತ್ತಿದ್ದ, ಕಿವಿ ಮಾತ್ರ ಕೆಂಪಾಗುತ್ತಿತ್ತು. ಅಮೆರಿಕದ ಸೈನ್ಯದಲ್ಲಿ ಇಷ್ಟು ಗುಟ್ಟಾದ ತುಕಡಿ ಇನ್ನೊಂದು ಇರಲಾರದು ಎಂದು ಜೆರೋಮ್ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಮೊದಮೊದಲು ನಾನೂ ನಕ್ಕಿದ್ದೆ.

ನಮ್ಮ ಮನೆಯ ಗಂಡಸರು ಸೈನ್ಯಕ್ಕೆ ಹೋಗುವುದು ಇವತ್ತಿನ ಮಾತಲ್ಲ. ಅಮ್ಮನ ಮನೆಯ ಗೋಡೆಯ ಮೇಲೆ ಅಜ್ಜನಿಂದ ಹಿಡಿದು ಚಿಕ್ಕಪ್ಪಂದಿರವರೆಗೆ ಎಲ್ಲರೂ ಸಮವಸ್ತ್ರದಲ್ಲಿ ಸಾಲಾಗಿ ನಿಂತಿದ್ದಾರೆ. ಅಪ್ಪ ಸ್ಕೂಲ್ ಬಸ್ ಓಡಿಸಿಕೊಂಡೇ ಬದುಕಿ ತೀರಿಕೊಂಡವರು, ಅವರ ಪಟ ಮಾತ್ರ ಸಾದಾ ಅಂಗಿಯಲ್ಲಿದೆ. ಸೆಮೊ ಕೊನೆಯ ಮಗ. ಚಿಕ್ಕವನಿದ್ದಾಗ ಅಜ್ಜನ ಟೋಪಿ ಹಾಕಿಕೊಂಡು ಅಂಗಳದ ಕೋಳಿಗಳಿಗೆ ಕವಾಯತು ಮಾಡಿಸುತ್ತಿದ್ದ. ನಾನು ಓದಲೆಂದು ಹೊನೊಲುಲುಗೆ ಹೋದೆ, ಅವನು ಹುಟ್ಟು ಹಿಡಿದು ನೀರಿಗಿಳಿದ. ನಮ್ಮೂರಿನ ದೋಣಿ ತಂಡದಲ್ಲಿ ಆರು ಜನ ಕೂತು ಹುಟ್ಟು ಹಾಕುವ ಉದ್ದ ದೋಣಿಯಿದೆ. ಸೆಮೊ ಶಾಲೆಯಲ್ಲಿದ್ದಾಗಲೇ ಅದರಲ್ಲಿ ಜಾಗ ಗಿಟ್ಟಿಸಿದ್ದ. ತಂಡವನ್ನು ತಯಾರು ಮಾಡುತ್ತಿದ್ದವರು ತುನ್ ಸಿರಿಲೊ. ಹಿರಿಯರ ಹೆಸರಿನ ಮುಂದೆ ನಾವು ‘ತುನ್’ ಸೇರಿಸುತ್ತೇವೆ, ಹೆಂಗಸರಾದರೆ ‘ತಾನ್’. ಸೈನ್ಯದಲ್ಲಿ ಇಡೀ ಯೌವನ ಕಳೆದು ಬಂದ ಮನುಷ್ಯ ಅವರು, ಗಂಟಲು ಸದಾ ಒಡೆದಿರುತ್ತದೆ, ಹೊಗಳಿಕೆ ಅವರ ಬಾಯಿಂದ ಉದುರಿದ್ದು ಕಡಿಮೆ.

ಸೆಮೊ ಹದಿನೈದರವನಿದ್ದಾಗ, ಮಳೆಯಿಲ್ಲದ ತಿಂಗಳಲ್ಲಿ, ಜಿಂಕೆ ಬೇಟೆಗಾರರು ಯಾರೋ ಗುಡ್ಡದ ಹುಲ್ಲಿಗೆ ಬೆಂಕಿ ಹಚ್ಚಿದ್ದರು. ಬೆಂಕಿ ಮನೆಗಳತ್ತ ಇಳಿದಾಗ ಹುಡುಗರೆಲ್ಲ ಬಕೀಟು ಹಿಡಿದು ಓಡಿದರು. ಹೊಗೆ ಕುಡಿದು ಸೆಮೊನ ಎದೆ ಕೊಳಲಿನ ಹಾಗೆ ಸುಯ್ಯತೊಡಗಿತು. ಅಮ್ಮ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಒಂದು ಇನ್ಹೇಲರ್ ಕೊಟ್ಟು, ಉಬ್ಬಸ ಎಂದು ಕಂಪ್ಯೂಟರಿನಲ್ಲಿ ಬರೆದುಕೊಂಡು ಕಳಿಸಿದರು. ವಾರ ಕಳೆಯುವುದರೊಳಗೆ ಅವನು ಮತ್ತೆ ದೋಣಿಯಲ್ಲಿದ್ದ. ಇನ್ಹೇಲರ್ ಅಡಿಗೆಮನೆಯ ಡ್ರಾಯರಿನಲ್ಲಿ ಬಾಟಲಿ ಮುಚ್ಚಳಗಳ ಜೊತೆ ಸೇರಿಹೋಯಿತು. ಆ ಒಂದು ಪದವನ್ನು ನಾವೆಲ್ಲ ಮರೆತೆವು.

ಸೈನ್ಯಕ್ಕೆ ಅರ್ಜಿ ಹಾಕುವ ಕಾಲಕ್ಕೆ ಅವನಿಗಿಂತ ಮೊದಲು ಹೋಗಿದ್ದ ನಮ್ಮ ದೊಡ್ಡಪ್ಪನ ಮಗ ಫೋನಿನಲ್ಲಿ ಬುದ್ಧಿ ಹೇಳಿದ್ದ. “ನಿಂಗೆ ಇದಿತ್ತಾ, ಅದಿತ್ತಾ ಅಂತ ಕೇಳ್ತಾ ಹೋಗ್ತಾರೆ. ಎಲ್ಲದಕ್ಕೂ ಇಲ್ಲ ಅನ್ನು. ಮೂಗು ಇದೆಯಾ ಅಂತ ಕೇಳಿದ್ರೂ ಇಲ್ಲ ಅನ್ನು.” ನಮ್ಮ ಹುಡುಗರು ಒಬ್ಬರಿಂದೊಬ್ಬರು ಕಲಿಯುವ ಪಾಠ ಇದು. ಸೆಮೊ ಎಲ್ಲದಕ್ಕೂ ಇಲ್ಲ ಎಂದ.

ವೈದ್ಯಕೀಯ ಪರೀಕ್ಷೆ ಇನ್ನೂ ಬಾಕಿಯಿತ್ತು. ಆದರೆ ಕ್ಯಾಲಿಫೋರ್ನಿಯಾದಿಂದ ಚಿಕ್ಕಪ್ಪನ ಸಂಸಾರ ರಜೆಗೆ ಬಂದಿತ್ತು, ಹಂದಿ ಕೊಬ್ಬಿತ್ತು, ಚರ್ಚಿನ ಪಕ್ಕದ ಚಪ್ಪರ ಆ ಶನಿವಾರ ಖಾಲಿಯಿತ್ತು. ಪರೀಕ್ಷೆ ಮುಗಿಯಲಿ ಎಂದು ನಾನು ಗೊಣಗಿದೆ. ನಾನು ಯಾವಾಗಲೂ ಗೊಣಗುವವಳೇ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಗೋಡೆಯ ಪಟಗಳತ್ತ ಕೈ ತೋರಿಸಿ, ಇವರಲ್ಲಿ ಯಾರು ಡಾಕ್ಟರ ಹತ್ತಿರ ಫೇಲಾದವರು ಹೇಳು ಎಂದಳು. ಹೀಗೆ ಪರೀಕ್ಷೆಗೆ ಮೊದಲೇ ಬೀಳ್ಕೊಡುಗೆ ನಡೆದುಹೋಯಿತು.

ಊರಿಗೆ ಊರೇ ಬಂತು. ಕೆಂಪನ್ನ, ಸುಟ್ಟ ಪಕ್ಕೆಲುಬು, ನಿಂಬೆ ಹಿಂಡಿ ಕಲಸಿದ ಕೋಳಿ, ತೆಂಗಿನ ಹಾಲಿನ ರೊಟ್ಟಿ. ಬಂದವರು ಯಾರೂ ಬರಿಗೈಯಲ್ಲಿ ಬರಲಿಲ್ಲ. ನಮ್ಮಲ್ಲಿ ಹಾಗೆ ತಂದದ್ದನ್ನು ತಿರುಗಿಸಿ ಕೊಡುವ ಹಾಗಿಲ್ಲ, ಅವರ ಮನೆಯ ಕಾರ್ಯಕ್ಕೆ ನಾವೂ ಅಷ್ಟನ್ನೇ ಹೊತ್ತುಕೊಂಡು ಹೋಗಬೇಕು. ಪಾದ್ರಿಗಳು ಸೆಮೊನ ತಲೆ ಮುಟ್ಟಿ ಹರಸಿದರು. ಅವನು ಸಾಲಾಗಿ ಕೂತಿದ್ದ ಹಿರಿಯರ ಮುಂದೆ ಬಗ್ಗಿ, ಒಬ್ಬೊಬ್ಬರ ಕೈಗೂ ಮೂಗು ತಾಗಿಸಿ ಹೊರಡಲು ಅಪ್ಪಣೆ ಪಡೆದ. ಕೊನೆಗೆ ತುನ್ ಸಿರಿಲೊ ಮೈಕು ತೆಗೆದುಕೊಂಡು, “ನಾನು ತುಂಬಾ ಹುಡುಗರನ್ನ ಕಳ್ಸಿದೀನಿ. ಹೋದ್ಮೇಲೆ ನಿದ್ದೆ ಬರ್ತಿರ್ಲಿಲ್ಲ. ಇವನು ಹೋದ್ರೆ ನಿದ್ದೆ ಮಾಡ್ತೀನಿ” ಎಂದರು. ಅಷ್ಟೇ. ಅಮ್ಮ ಸೆರಗಿಲ್ಲದ ಉಡುಪಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಅದರ ಮುಂದಿನ ವಾರ ಪರೀಕ್ಷೆ, ಅದು ಮುಗಿದ ಕೂಡಲೇ ವಿಮಾನ ಎಂದುಕೊಂಡಿದ್ದೆವು. ಬನಿಯನ್ನಿನಲ್ಲಿ ನಿಂತ ಹುಡುಗರ ಸಾಲಿನಲ್ಲಿ ಸೆಮೊನ ಸರದಿ ಬಂದಾಗ ಡಾಕ್ಟರು ಕಂಪ್ಯೂಟರಿನ ಪರದೆ ನೋಡಿ, ಹದಿನೈದನೇ ವಯಸ್ಸಿನಲ್ಲಿ ಉಬ್ಬಸಕ್ಕೆ ಚಿಕಿತ್ಸೆಯಾಗಿದೆಯಲ್ಲ, ಇಲ್ಲ ಅಂತ ಯಾಕೆ ಹೇಳಿದೆ ಎಂದು ಕೇಳಿದರಂತೆ. ಗಟ್ಟಿಯಾಗಿ ಕೂಡ ಅಲ್ಲ, ಸಾದಾ ದನಿಯಲ್ಲಿ. ಹಿಂದೆ ನಿಂತಿದ್ದವರಿಗೆಲ್ಲ ಕೇಳಿಸಿತು. ಅಂಗಿ ಹಾಕಿಕೊಂಡು ಹೊರಗೆ ಕೂತಿರು ಎಂದರಂತೆ. ಆ ದಿನದ ಬಗ್ಗೆ ಅವನು ನನಗೆ ಹೇಳಿದ್ದು ಇಷ್ಟೇ. ಉಳಿದದ್ದನ್ನು ನಾನು ಅವನ ಮುಖ ನೋಡಿ ತಿಳಿದುಕೊಂಡೆ.

ಭರ್ತಿಯ ಸಾರ್ಜೆಂಟ್ ಕೆಟ್ಟ ಮನುಷ್ಯನಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ, ವಿನಾಯಿತಿ ಕೇಳಬಹುದು, ಆದರೆ ಅದಕ್ಕೆ ತಿಂಗಳುಗಳೇ ಹಿಡಿಯಬಹುದು ಎಂದ. ಅಮ್ಮ ಸೆಮೊನನ್ನು ಕಾರಿನಲ್ಲಿ ಕೂರಿಸಿ ಊರಿನತ್ತ ಹೊರಟಳು. ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿ, ಒಬ್ಬಳೇ ಅಂಗಡಿಯೊಳಗೆ ಹೋದಾಗ ಪಕ್ಕದ ಮನೆಯಾಕೆ ಸಿಕ್ಕಿ, ಮಗ ವಿಮಾನ ಹತ್ತಿದನಾ ಎಂದು ಕೇಳಿದಳು. ಅಮ್ಮ ಹೌದೆನ್ನುವಂತೆ ತಲೆಯಾಡಿಸಿದಳು. ಬಾಯಿಂದ ಒಂದು ಮಾತೂ ಆಡಲಿಲ್ಲವಂತೆ, ಬರೀ ತಲೆಯಾಡಿಸಿದಳಂತೆ. ಇದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದಳೋ. ಹೊರಗೆ ಬಂದು ಕಾರನ್ನು ಊರಿನ ಕಡೆಗಲ್ಲ, ನನ್ನ ಮನೆಯ ಕಡೆಗೆ ತಿರುಗಿಸಿದಳು. ವಿನಾಯಿತಿ ಬಂದಮೇಲೆ ಹೇಗೂ ಹೋಗುತ್ತಾನಲ್ಲ, ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ ಎಂದಳು. ಉಂಡು ಹೋದವರ ಮುಂದೆ ಯಾವ ಮುಖ ಇಟ್ಟುಕೊಂಡು ಓಡಾಡಲಿ ಎಂದು ಅತ್ತಳು. ನಾನು ಸರಿ ಎಂದೆ. ತಪ್ಪು ಎಂದು ಗೊತ್ತಿದ್ದೂ ಸರಿ ಎಂದೆ.

ಹೀಗೆ ಸೆಮೊ ನಮ್ಮ ಮನೆ ಸೇರಿದ. ಬೆಳಕು ಹರಿಯುವ ಮೊದಲು ಕಟ್ಟಡದ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ ಇಳಿಯುತ್ತಿದ್ದ. ಆಮೇಲೆ ಹೊರಗೆ ಕಾಲಿಡುತ್ತಿರಲಿಲ್ಲ. ಇಸಾಳನ್ನು ಬೆನ್ನ ಮೇಲೆ ಕೂರಿಸಿಕೊಂಡು ದಂಡ ಹೊಡೆಯುತ್ತಿದ್ದ. ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದ ಹಾಗೆ ಎಳೆದು ಕಟ್ಟುತ್ತಿದ್ದ. ಕರೆಗಂಟೆ ಸದ್ದಾಯಿತೆಂದರೆ ಬಚ್ಚಲುಮನೆ ಸೇರುತ್ತಿದ್ದ. ಒಂದು ಮಧ್ಯಾಹ್ನ ನನ್ನ ಅತ್ತೆ ಹೇಳದೆ ಕೇಳದೆ ಬಂದು ಎರಡು ಲೋಟ ಐಸ್ ಟೀ ಕುಡಿದು, ಬಚ್ಚಲಿಗೆ ಹೋಗಬೇಕು ಎಂದರು. ನಲ್ಲಿ ಒಡೆದಿದೆ, ಒಳಗೆಲ್ಲ ನೀರು, ಜಾರುತ್ತೆ ಎಂದೆ. ಅವರು ಬಾಗಿಲನ್ನೇ ನೋಡುತ್ತಾ, “ಒಡೆದ ನಲ್ಲಿಯ ಸದ್ದೇ ಇಲ್ವಲ್ಲೇ” ಎಂದರು. ತಕ್ಷಣ ಒಳಗಿನಿಂದ ನೀರು ಭೋರೆಂದು ಸುರಿಯತೊಡಗಿತು. ಅತ್ತೆ ಕಾಲು ಜೋಡಿಸಿಕೊಂಡೇ ಕಾರು ಹತ್ತಿ ಹೋದರು. ಅವತ್ತು ಸೆಮೊ ಹೊರಗೆ ಬಂದು ಗೋಡೆಗೊರಗಿ ನಗತೊಡಗಿದ. ನಕ್ಕು ನಕ್ಕು ಕೊನೆಗೆ ಮುಖ ಮುಚ್ಚಿಕೊಂಡ. ಭುಜ ಕುಲುಕುವುದು ನಿಂತಿರಲಿಲ್ಲ. ಅದು ನಗುವಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ವಿನಾಯಿತಿಯ ಕೆಲಸ ನಿಧಾನವಾಗಿ ಸಾಗಿತು. ಸೆಮೊ ಟೋಪಿ ತಗ್ಗಿಸಿಕೊಂಡು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಯೇ ಕ್ಲಿನಿಕ್ಕಿಗೆ ಬಂದ. ಕೊಳವೆಗೆ ಊದಿಸಿ ಶ್ವಾಸದ ಬಲ ಅಳೆದರು. ಓಡಿಸಿ ಮತ್ತೆ ಊದಿಸಿದರು. ಎದೆ ಚೆನ್ನಾಗಿದೆ, ಅಂದು ಆದದ್ದು ಹೊಗೆಯಿಂದ ಇರಬಹುದು ಎಂದು ಬರೆದುಕೊಟ್ಟರು. ಇನ್ನು ಬೇಕಾದದ್ದು ಎರಡು ಎಂದ ಸಾರ್ಜೆಂಟ್. ಏನಾಯಿತು, ಯಾಕೆ ಮುಚ್ಚಿಟ್ಟೆ ಎಂದು ಸೆಮೊ ತನ್ನ ಕೈಯಾರೆ ಬರೆಯಬೇಕು. ಇಷ್ಟು ವರ್ಷ ಅವನು ಮೈಮುರಿದು ಆಡಿದ್ದನ್ನು, ಎಂದೂ ಉಸಿರು ಕಟ್ಟದ್ದನ್ನು ಕಣ್ಣಾರೆ ಕಂಡ, ಸಂಬಂಧಿಯಲ್ಲದ ಒಬ್ಬರು ಪತ್ರ ಕೊಡಬೇಕು. ಬರುವ ವಾರದ ಶುಕ್ರವಾರದೊಳಗೆ ಬರದಿದ್ದರೆ ಅರ್ಜಿ ಮುಚ್ಚುತ್ತಾರೆ. ಆಮೇಲೆ ಮತ್ತೆ ತೆರೆಸುವುದು ಕಷ್ಟ.

ಅಂಥವರು ಇದ್ದದ್ದು ಒಬ್ಬರೇ.

“ತುನ್ ಸಿರಿಲೊಗೆ ಫೋನ್ ಮಾಡು” ಎಂದೆ.

“ಬೇಡಕ್ಕಾ.”

“ಮತ್ತೆ ಯಾರು ಬರ್ಕೊಡ್ತಾರೆ ನಿಂಗೆ? ಜೆರೋಮ್ ಬರೀಲಾ, ಬಚ್ಚಲಲ್ಲಿ ಚೆನ್ನಾಗಿ ಉಸಿರಾಡ್ತಾನೆ ಅಂತ?”

ಅವನು ನಗಲಿಲ್ಲ. “ಎಲ್ರ ಮುಂದೆ ಮೈಕ್ ಹಿಡ್ದು ಹೇಳಿದಾರೆ ಅವ್ರು. ನಾನು ಇಲ್ಲೇ ಇದೀನಿ ಅಂತ ಹೇಗೆ ಹೇಳ್ಲಿ? ಸುಳ್ಳು ಹೇಳಿ ಸಿಕ್ಕಿಬಿದ್ದೆ ಅಂತ ಹೇಗೆ ಹೇಳ್ಲಿ? ಸೈನ್ಯ ಬೇಡ ಬಿಡು.”

ಸೈನ್ಯ ಬೇಡ ಎಂದು ಅವನು ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಾನೇ ಮಾಡಿಬಿಡೋಣ ಎಂದು ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮಗುವಿಗೆ ಹಾಲು ಕಾಯಿಸಬೇಕು, ಆಮೇಲೆ ಎಂದುಕೊಂಡೆ. ಹಾಲು ಕಾಯಿಸಿಯಾದ ಮೇಲೆ ಅವರು ಈಗ ಊಟದ ಹೊತ್ತಿನಲ್ಲಿರುತ್ತಾರೆ ಎಂದುಕೊಂಡೆ. ಓದಿದವಳು ನಾನು. ಊರವರ ಮಾತಿಗೆ ಹೆದರಬೇಡ ಎಂದು ಅಮ್ಮನಿಗೆ ಬುದ್ಧಿ ಹೇಳುತ್ತಾ ಬಂದವಳು.

ಆ ಭಾನುವಾರ ಅಜ್ಜನ ತಿಥಿಯ ಜಪಸರದ ಪ್ರಾರ್ಥನೆ, ಅಮ್ಮನ ಮನೆಯಲ್ಲಿ. ಹೋಗದಿದ್ದರೆ ಮಾತಾಗುತ್ತದೆ. ಸೆಮೊನನ್ನು ಜೆರೋಮ್ ಜೊತೆ ಬಿಟ್ಟು ಇಸಾಳನ್ನು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿಕೊಟ್ಟೆ. ಸೆಮೊ ಎಲ್ಲಿ? ದೂರ. ಸೆಮೊ ಎಲ್ಲಿ? ದೂರ. ಒಪ್ಪಿಸಿದಾಗಲೆಲ್ಲ ಜಾಣೆ ಎಂದೆ.

ಸಂಜೆ ಮನೆ ತುಂಬಿತ್ತು. ಜಪ ನಡೆಸುವವರು ತಾನ್ ರೊಸಾಲಿಯಾ, ಅಜ್ಜಿಯ ಓರಗೆಯವರು. ಸಂತರ ಪ್ರತಿಮೆಗಳ ಮುಂದೆ ಕೂತು ಅವರು ಒಂದೊಂದೇ ಮಣಿ ಸರಿಸುತ್ತಿದ್ದರೆ ನಾವು ಹಿಂದಿನಿಂದ ದನಿಗೂಡಿಸುತ್ತಿದ್ದೆವು. ತುನ್ ಸಿರಿಲೊ ಬಾಗಿಲ ಹತ್ತಿರ, ನೋಯುವ ಮಂಡಿಯನ್ನು ಸಿಮೆಂಟಿಗೆ ಊರಿ ಕೂತಿದ್ದರು. ಕೊನೆಯಲ್ಲಿ ತಾನ್ ರೊಸಾಲಿಯಾ ದೂರದಲ್ಲಿರುವ ನಮ್ಮ ಮಕ್ಕಳಿಗಾಗಿ ಎಂದು ಹೆಸರುಗಳನ್ನು ಹೇಳುತ್ತಾ ಬಂದು, “ಆನ್ಸೆಲ್ಮೊನನ್ನು ಕಾಪಾಡು ಸ್ವಾಮಿ” ಎಂದರು.

“ಸೆಮೊ ಮನೇಲಿ” ಎಂದಳು ಇಸಾ. “ಬಚ್ಚಲಲ್ಲಿ.”

ಯಾರೋ ಕಿಸಕ್ಕೆಂದರು. ಅಮ್ಮನ ಜಪಮಣಿ ನಿಂತಿತು. ತಾನ್ ರೊಸಾಲಿಯಾ ಹಿಂತಿರುಗಿ ಮಗುವನ್ನು ನೋಡಿದರು, ಕಣ್ಣಲ್ಲಿ ನೀರು. “ಪಾಪ ಕಣೇ, ಮಾವನ್ನ ನೆನೆಸ್ಕೊಳ್ತಿದೆ. ಅದರ ಕಣ್ಣಿಗೆ ಕಾಣಿಸ್ತಾನೆ” ಎಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಬಿಡಲಿಲ್ಲ. ಮಗುವಿನ ತೋಳು ಹಿಡಿದು, “ಸುಳ್ಳು ಹೇಳ್ಬಾರ್ದು ಇಸಾ. ದೇವರ ಮುಂದೆ ಸುಳ್ಳು ಹೇಳ್ತಾರಾ? ತಾನ್ ರೊಸಾಲಿಯಾಗೆ ತಪ್ಪಾಯ್ತು ಅನ್ನು” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಲಿಸಿದ್ದ ಹಾಗೆ ತಾನ್ ರೊಸಾಲಿಯಾ ಮುಂದೆ ಹೋಗಿ, ಅವರ ಕೈಗೆ ಮೂಗು ತಾಗಿಸಿ, “ಸೆಮೊ ಇಲ್ಲ” ಎಂದಳು.

ಎಷ್ಟು ಚೆನ್ನಾಗಿ ಬೆಳೆಸಿದೀಯಮ್ಮ ಮಗೂನ ಎಂದು ಹಿಂದಿನಿಂದ ಯಾರೋ ಹೇಳಿದರು. ನಾನು ಅಮ್ಮನತ್ತ ನೋಡಲಿಲ್ಲ, ಅಮ್ಮ ನನ್ನತ್ತ ನೋಡಲಿಲ್ಲ. ಊಟಕ್ಕೆ ಎಲೆ, ತಟ್ಟೆ ಎಂದು ಗಲಾಟೆ ಎದ್ದಾಗ ತುನ್ ಸಿರಿಲೊ ಇಸಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರೊಟ್ಟಿ ಮುರಿದು ಕೊಡುತ್ತಾ, “ಮತ್ತೇನಮ್ಮಾ, ನಿಮ್ಮ ಸೆಮೊ ಬೆಳಿಗ್ಗೆ ಏನು ತಿಂದ?” ಎಂದು ಆಟಕ್ಕೆ ಕೇಳಿದರು. ಅವಳು ರೊಟ್ಟಿ ಬಾಯಿಗಿಡದೆ ನನ್ನನ್ನೇ ನೋಡಿದಳು. ಏನು ಹೇಳಬೇಕೆಂದು ನನ್ನ ಕಣ್ಣಲ್ಲಿ ಹುಡುಕಿದಳು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಅಂದು ತಿಳಿಯಿತು.

ಮನೆಗೆ ಬಂದಾಗ ಸೆಮೊ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದ. ದಿನವೂ ಓಡಿಹೋಗಿ ಕುತ್ತಿಗೆಗೆ ಜೋತುಬೀಳುವವಳು ನನ್ನ ಕಾಲ ಹಿಂದೆ ಸರಿದು ನಿಂತಳು. “ಸೆಮೊ ಇಲ್ಲ” ಎಂದಳು, ಅವನ ಮುಖ ನೋಡಿಯೇ.

ಅವನು ಕೈ ಕೆಳಗಿಳಿಸಿದ. ನಾನು ನಡೆದದ್ದನ್ನೆಲ್ಲ ಹೇಳಿದೆ, ನಿಂತಲ್ಲೇ, ಚೀಲವನ್ನೂ ಕೆಳಗಿಡದೆ. ಕೇಳಿ ಮುಗಿದ ಮೇಲೂ ಅವನು ನೆಲದ ಮೇಲಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಸೆಮೊ ಅಡಿಗೆಮನೆಯ ಮೇಜಿಗೆ ಕೂತು ತಾನು ಬರೆಯಬೇಕಾದದ್ದನ್ನು ಬರೆದ. ಹೊಡೆದು ಹಾಕಿ ಮತ್ತೆ ಬರೆದ. ‘ನಾನು ಸುಳ್ಳು ಹೇಳಿದೆ’ ಎಂಬ ಸಾಲು ಮೊದಲು ಕೊನೆಯಲ್ಲಿತ್ತು. ಹೊಸ ಹಾಳೆಯಲ್ಲಿ ಅದನ್ನೇ ಮೊದಲಿಗೆ ತಂದ. ಆಮೇಲೆ ಕಿಟಕಿಯ ಪರದೆ ಸರಿಸಿದ. ಬಿಸಿಲು ನೇರವಾಗಿ ಅವನ ಮುಖದ ಮೇಲೆ ಬಿತ್ತು. ಇಷ್ಟು ದಿನ ಒಳಗಿದ್ದು ಎಷ್ಟು ಬಿಳಿಚಿಕೊಂಡಿದ್ದಾನೆ ಎಂದು ನಾನು ಆಗ ನೋಡಿದೆ.

“ಅಕ್ಕಾ, ಫೋನ್ ಹಚ್ಚಿ ಮೊದಲ ಮಾತು ನೀನು ಆಡು.”

ಅಮ್ಮನಿಗೆ ಮೊದಲು ಹೇಳಬೇಕಲ್ಲವೇ ಎನ್ನಿಸಿತು. ಹೇಳಿದರೆ ಬೇಡ ಎನ್ನುತ್ತಾಳೆ. ಇಸಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಿಂದ ಫೋನು ಹಚ್ಚಿದೆ. ಅತ್ತ ತುಂಬಾ ಹೊತ್ತು ರಿಂಗಾಯಿತು. ಎತ್ತದಿದ್ದರೆ ಸಾಕು ಎಂದುಕೊಳ್ಳುವಷ್ಟರಲ್ಲಿ ಒಡೆದ ಗಂಟಲಿನಲ್ಲಿ ಹಲೋ ಎಂದರು.

“ತುನ್ ಸಿರಿಲೊ, ನಾನು ಫೀನಾ. ಸೆಮೊ ಜಾರ್ಜಿಯಾಕ್ಕೆ ಹೋಗಿಲ್ಲ. ನಮ್ಮನೇಲೇ ಇದಾನೆ. ಮೊದಲಿಂದ್ಲೂ ಇಲ್ಲೇ ಇದಾನೆ. ನಿನ್ನೆ ಮಗು ನಿಜ ಹೇಳ್ತು, ಸುಳ್ಳು ಹೇಳಿದ್ದು ನಾನು.”

ಅವರ ಕಡೆ ಹುಂಜವೊಂದು ಕೂಗಿತು. ನಾನು ತಡೆಯಲಾರದೆ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದೆ: ಗುಡ್ಡದ ಬೆಂಕಿ, ಆಸ್ಪತ್ರೆ, ಡಾಕ್ಟರ ಪ್ರಶ್ನೆ, ವಿನಾಯಿತಿ, ಶುಕ್ರವಾರ, ಬೇಕಾದ ಪತ್ರ.

“ಜಪಸರ ಇದ್ದಾಗಲೆಲ್ಲ ಆ ಹುಡುಗನಿಗೋಸ್ಕರ ಮಂಡಿ ಊರ್ತಿದೀನಿ ನಾನು” ಎಂದರು ಅವರು ಕೊನೆಗೆ. “ಎದ್ದು ನಿಲ್ಲೋಕೆ ಇಬ್ರು ಬೇಕು ನಂಗೆ. ನೋಡ್ತಾ ಇದ್ಯಲ್ಲ ನಿನ್ನೆ.”

“ನೋಡ್ದೆ.”

“ನೋಡ್ಕೊಂಡು ಸುಮ್ನಿದ್ದೆ.”

“ಹೌದು.”

ಸೆಮೊ ನನ್ನ ಎದುರು ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ. ಅವನಿಗೂ ಕೇಳಿಸುತ್ತಿತ್ತು ಎಂದು ಅವನ ಕಿವಿ ನೋಡಿದರೆ ತಿಳಿಯುತ್ತಿತ್ತು.

“ಪತ್ರ ಬರೀತೀನಿ” ಎಂದರು ತುನ್ ಸಿರಿಲೊ. “ಆದ್ರೆ ಅರ್ಧ ಬರಿಯಲ್ಲ. ದೋಣೀಲಿ ಎಂಥ ಹುಡುಗ ಅಂತಾನೂ ಬರೀತೀನಿ, ಇಷ್ಟು ದಿನ ಊರಿಗೆ ಏನು ಮಾಡಿದ ಅಂತಾನೂ ಬರೀತೀನಿ. ಅದನ್ನ ಓದಿ ಅವ್ರು ಬೇಡ ಅಂದ್ರೆ ಬೇಡ. ಹಂಗೆ ಬರೀಬೋದಾ ಅಂತ ಕೇಳು ಅವನನ್ನ.”

ನಾನು ಸೆಮೊನನ್ನು ನೋಡಿದೆ. ಅವನು ತಲೆಯಾಡಿಸಿದ.

“ಆಗ್ಲಿ ಅಂತ ತಲೆಯಾಡಿಸ್ತಿದಾನೆ” ಎಂದೆ.

“ತಲೆಯಾಡಿಸೋದು ನಂಗೆ ಕಾಣಲ್ಲ ಫೀನಾ. ಬಾಯಲ್ಲಿ ಹೇಳು ಅನ್ನು.”

ನಾನು ಫೋನನ್ನು ಸೆಮೊನ ಕೈಗೆ ಕೊಟ್ಟೆ.